ಕಿತ್ತಳೆ ನೈಟಿ, ಹಸಿರು ಟವೆಲ್ಲು

“ಆ ನೈಟಿ ಒಂದು ಇರಬಾರದು ಮೇಡಂ. ಮಿಕ್ಕಿದ್ದು ಹೇಗೋ ನಡೆಯುತ್ತೆ,” ಎಂದ ಅನಂತರಾಜು.

ಎರಡಾಳು ಉದ್ದದ ಚಿತ್ರ ಹೋಟೆಲಿನ ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿತ್ತು. ಬರೆದವಳು ಕೆಹಕಶಾನ್, ಅದರ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು. ಚನ್ನಪಟ್ಟಣದ ಬೊಂಬೆ ಮಾಡುವ ಸಾಬೀರನ ಮಗಳು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದು, ಊರೂರ ಹೊಲದ ಬದುವಿನ ಮೇಲೆ ಸ್ಟ್ಯಾಂಡು ನಿಲ್ಲಿಸಿಕೊಂಡು ಬರೆದು ಬರೆದು ಬಿಸಿಲಿಗೆ ಕಪ್ಪಾಗಿಹೋದವಳು. ಕೆಂಗಲ್ ಹತ್ತಿರ ಹೆದ್ದಾರಿ ಬದಿಯಲ್ಲಿ ಎದ್ದ ಈ ಹೊಸ ಹೋಟೆಲಿಗೆ ಹಳ್ಳಿ ಬದುಕಿನ ಚಿತ್ರ ಬೇಕೆಂದು ಅನಂತರಾಜುವೇ ಅವಳ ಮನೆಗೆ ಹೋಗಿ ಕೇಳಿದ್ದ. “ನಮ್ಮ ಕಡೆ ಹಳ್ಳಿ ಹೇಗಿದೆಯೋ ಹಾಗೇ ಬರೀರಿ” ಅಂದಿದ್ದ. ಹೇಗಿದೆಯೋ ಹಾಗೇ! ಈ ಮಾತು ಹೇಳುವವರೆಲ್ಲ ಇಷ್ಟೇ ಸ್ವಾಮಿ, ಹೇಗಿದೆಯೋ ಹಾಗೆ ತಂದು ಮುಂದಿಟ್ಟರೆ ಮುಖ ಸಿಂಡರಿಸುತ್ತಾರೆ.

ಹೋಟೆಲಾದರೂ ಎಂಥದ್ದು ಅಂತೀರಿ? ಬಾಗಿಲಲ್ಲಿ ಅರ್ಧ ಕೊಯ್ದು ಗೋಡೆಗೆ ಅಂಟಿಸಿದ ಗಾಡಿಚಕ್ರ. ಒಳಗೆ ಕರೆಂಟಿನ ಲಾಂದ್ರ. ಬಡಿಸುವವರಿಗೆಲ್ಲ ಪಂಚೆ, ತಲೆಗೆ ಪೇಟ. ಬಾಗಿಲು ಕಾಯುವವನಿಗೆ ಪೇಟ ಸುತ್ತುವುದು ಬಾರದೆ ನಾಲ್ಕು ಕಡೆ ಪಿನ್ನು ಚುಚ್ಚಿಕೊಂಡು ಕತ್ತು ನೆಟ್ಟಗೆ ಮಾಡಿ ನಿಂತಿದ್ದ. ಇದೆಲ್ಲ ಹಳ್ಳಿಯಂತೆ. ಚಿತ್ರದೊಳಗಿನ ಮುನಿರತ್ನಮ್ಮನ ನೈಟಿ ಮಾತ್ರ ಹಳ್ಳಿಯಲ್ಲವಂತೆ!

“ಮುಂದಗಡೆ ಈ ಸೊಪ್ಪು ಬಹಳ ಚೆನ್ನಾಗಿದೆ,” ಅನಂತರಾಜು ಬಗ್ಗಿ ನೋಡಿದ. “ಎಲೆ ಮೇಲಿನ ಧೂಳು ಕೂಡ ಕಾಣ್ತದೆ. ಕಿತ್ತುಕೊಳ್ಳೋ ಹಾಗಿದೆ. ಹಿಂದೆ ಹೋಗ್ತಾ ಹೋಗ್ತಾ ಎಲ್ಲ ಕಲಸಿಬಿಟ್ಟಿದ್ದೀರಿ. ಇರಲಿ, ಅದು ನಿಮ್ಮ ಸ್ಟೈಲು. ಆದರೆ ಆ ಹೆಂಗಸಿಗೆ ಒಂದು ಕೆಂಪಂಚಿನ ಸೀರೆ ಉಡಿಸಿ. ಸೊಂಟದ ಮೇಲೆ ಬಿಂದಿಗೆ ಇಡಿ. ಆ ಕರಿ ನೀರಿನ ಟ್ಯಾಂಕು ತೆಗೀರಿ. ತಾರಸಿ ಮನೆ ಮೇಲೆ ಒಂದಿಷ್ಟು ಹುಲ್ಲು ಹೊದಿಸಿಬಿಡಿ, ಮುಗೀತು.”

“ಅದು ಅಕ್ಕೂರಿನ ಮುನಿರತ್ನಮ್ಮನವರ ಮನೆ ಸರ್. ಅವರು ಹುಲ್ಲು ಹೊದಿಸಿಲ್ಲ.”

“ಬೆಂಗಳೂರಿನವರು ಸಿಮೆಂಟು ನೋಡೋಕೆ ಇಲ್ಲಿ ತನಕ ಬರ್ತಾರಾ ಮೇಡಂ?”

“ಆಗಲ್ಲ ಸರ್.”

“ಏನು ಆಗಲ್ಲ?”

“ಸೀರೆ ಆಗಲ್ಲ, ಬಿಂದಿಗೆ ಆಗಲ್ಲ, ಹುಲ್ಲಂತೂ ಆಗೋದೇ ಇಲ್ಲ.”

ಅನಂತರಾಜು ಕೂಗಾಡುವ ಮನುಷ್ಯನಲ್ಲ. ನಕ್ಕ. ಆಮೇಲೆ ಮೆತ್ತಗೆ ಒಂದು ಮಾತು ಕೇಳಿದ, ಅದು ನೆಟ್ಟಗೆ ಹೋಗಿ ಅವಳ ಎದೆಗೇ ತಗುಲಿತು. “ನನಗೆ ಬೈಯೋದು ಸರಿ. ಆ ಹೆಂಗಸನ್ನ ಕೇಳಿದ್ರಾ? ಇಷ್ಟೊಂದು ಜನ ಬಂದು ಹೋಗೋ ಜಾಗದಲ್ಲಿ ನೈಟಿ ಹಾಕ್ಕೊಂಡು ನಿಂತ್ಕೋತೀನಿ ಅಂತ ಆಕೆ ಹೇಳಿದ್ರಾ?”

ಕೆಹಕಶಾನ್‌ ಕೇಳಿರಲಿಲ್ಲ.

“ಆಕೆ ಬಂದು ನನ್ನ ಮುಂದೆ ನಿಂತು ಹೀಗೇ ಇರಲಿ ಅನ್ನಲಿ, ಇಗೋ, ಈ ಮೊಳೆಗೇ ಹಾಕಿಸ್ತೀನಿ,” ಎಂದು ಅನಂತರಾಜು ಗೋಡೆಯಲ್ಲಿ ಆಗಲೇ ಹೊಡೆದಿದ್ದ ದಪ್ಪ ಮೊಳೆ ತೋರಿಸಿದ. “ಇಲ್ಲ ಅಂದರೆ ಸೀರೆ ಉಡಿಸಿ ತನ್ನಿ.”

“ಆಯ್ತು ಸರ್. ಅವರು ಬೇಡ ಅಂದರೆ ಸೀರೇನೂ ಉಡಿಸ್ತೀನಿ, ಹುಲ್ಲೂ ಹೊದಿಸ್ತೀನಿ. ಇರಲಿ ಅಂದರೆ ನೀವು ಒಂದು ಎಲೆ ಅಲುಗಿಸೋ ಹಾಗಿಲ್ಲ!” ರೋಷದಲ್ಲಿ ಹೇಳಿಬಿಟ್ಟಳು.

ಹೊರಗೆ ತಮ್ಮ ಅದ್ನಾನ್ ತನ್ನ ಗೂಡ್ಸ್ ಆಟೋದಲ್ಲಿ ಕಾದಿದ್ದ. ಇಬ್ಬರೂ ಚಿತ್ರವನ್ನು ಹಿಂದಕ್ಕೆ ಏರಿಸಿ, ಹಳೇ ಬೆಡ್‌ಶೀಟು ಹೊದಿಸಿ ಹಗ್ಗ ಬಿಗಿದರು. ಅವಳೂ ಹಿಂದೆಯೇ ಕೂತು ಚೌಕಟ್ಟು ಹಿಡಿದುಕೊಂಡಳು.

“ಆಪಾ, ಒಂದು ಸೀರೆ ಬರೆದುಬಿಟ್ಟರೆ ನಿನ್ನ ಗಂಟೇನು ಹೋಗುತ್ತೆ?” ಅದ್ನಾನ್ ಮುಂದಿನಿಂದ ಕೂಗಿದ.

“ಅಬ್ಬಾ ಮಾಡಿದ ಬೊಂಬೆಗೆ ಯಾರೋ ಬಂದು ಎರಡನೇ ಮೂಗು ಅಂಟಿಸು ಅಂದರೆ ಅಂಟಿಸ್ತಾರೇನೋ?”

“ಗಿರಾಕಿ ಕೇಳಿದರೆ ಅಬ್ಬಾ ಮೂರು ಮೂಗು ಅಂಟಿಸ್ತಾರೆ.”

“ಮುಚ್ಕೊಂಡು ಓಡಿಸು!”

ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅಕ್ಕೂರಿನ ರಸ್ತೆ ಹತ್ತಿರವಾದಂತೆ ಅವಳಿಗೆ ಮೊದಲ ದಿನದ ಪೂಜೆ ನೆನಪಾಯಿತು. ಪೂಜೆ ಅಂದರೆ ಮುನಿರತ್ನಮ್ಮ ಮಾಡಿದ್ದು.

ಆವತ್ತು ಊರು ಹೊಕ್ಕವಳೇ, ಹೊಂಗೆ ಮರದ ನೆರಳು ಚೆನ್ನಾಗಿದೆಯೆಂದು ಅಲ್ಲೇ ಸ್ಟ್ಯಾಂಡು ಹೂಡಿ ಬಣ್ಣ ಕಲಸುವ ಟರ್ಪೆಂಟೈನ್ ಡಬ್ಬಿ ಬಿಚ್ಚಿದ್ದಳು. ಮರದ ಪಕ್ಕದಲ್ಲಿದ್ದದ್ದು ರೇಷ್ಮೆ ಹುಳದ ಮನೆ. ಹುಟ್ಟಿದಾಗಿನಿಂದ ಅರಗಿನ ವಾಸನೆಯಲ್ಲಿ ಬೆಳೆದ ಬೊಂಬೆಯವರ ಮಗಳಿಗೆ ಟರ್ಪೆಂಟೈನೂ ಒಂದು ವಾಸನೆಯೆಂದು ತೋಚಲೇ ಇಲ್ಲ. ಒಳಗಿನಿಂದ ಪೊರಕೆ ಹಿಡಿದ ಹೆಂಗಸೊಬ್ಬಳು ಬಾಣದಂತೆ ಬಂದಳು.

“ಯಾವಳೇ ಅದು, ಹುಳದ ಮನೆ ಬಾಗ್ಲಲ್ಲಿ ಸೀಮೆಣ್ಣೆ ಸುರೀತಿರೋಳು! ಬೀಡಿ ವಾಸ್ನೆ ಬಂದ್ರೇ ಹುಳ ಮೇವು ಬುಡ್ತವೆ. ನನ್ ಗಂಡ ಬೀಡಿ ಸೇದ್ಬೇಕು ಅಂದ್ರೆ ರಸ್ತೆ ದಾಟ್ತಾನೆ. ನೀನ್ಯಾವ ಮಹಾರಾಣಿ ಬಂದ್ಬುಟ್ಟೆ? ಬೆಳೆ ಹೋದ್ರೆ ನಿಮ್ಮಪ್ಪ ಕಟ್ಕೊಡ್ತಾನಾ?”

ಅದು ಮುನಿರತ್ನಮ್ಮ. ಕೆಹಕಶಾನ್ ಡಬ್ಬಿ ಮುಚ್ಚಿಕೊಂಡು ಓಡಿದಳು. ಆದರೆ ಊರು ಬಿಡಲಿಲ್ಲ. ರಸ್ತೆ ದಾಟಿ, ಸೊಪ್ಪಿನ ತೋಟದ ಆಚೆ ತುದಿಯಲ್ಲಿ, ಆ ಗಂಡ ಬೀಡಿ ಸೇದಲು ಕೂರುವ ಕಲ್ಲಿನ ಪಕ್ಕದಲ್ಲಿ ನಿಂತಳು. ಮಾರನೇ ದಿನವೂ ಬಂದಳು, ಅದರ ಮಾರನೇ ದಿನವೂ. ಕೊನೆಗೆ ಮುನಿರತ್ನಮ್ಮನೇ ಸೊಸೆ ನಯನಾಳ ಕೈಲಿ ಟೀ ಕಳಿಸಿ ಒಂದು ಕಟ್ಟಳೆಯನ್ನೂ ಕಳಿಸಿದಳು. ಗಾಳಿ ಆಚೆ ಕಡೆಗೆ ಬೀಸುವಾಗ ಮಾತ್ರ ಡಬ್ಬಿ ತೆಗೆಯಬೇಕು. ಈಚೆ ತಿರುಗಿದರೆ ಮುಚ್ಚಬೇಕು.

ಚಿತ್ರ ಹಾಗಾದದ್ದು ಹೀಗೆ. ಕಾಲಬುಡದಲ್ಲಿ ಹಿಪ್ಪುನೇರಳೆ ಸೊಪ್ಪು, ಅದನ್ನು ಎಲೆ ಎಲೆಯಾಗಿ, ನರ ನರವಾಗಿ ಬರೆದಳು. ಆ ಕಡೆ ಮನೆ, ಟ್ಯಾಂಕು, ನೀಲಿ ಟಾರ್ಪಾಲು, ಮನುಷ್ಯರು, ಎಲ್ಲ ಬಿಸಿಲಿನಲ್ಲಿ ಅಲುಗುವ ಬಣ್ಣ. ಕಂಡಷ್ಟೇ ಬರೆದಳು. ಕಾಣದ ಕಣ್ಣು ಮೂಗನ್ನು ಇದೆಯೆಂದು ಬರೆದು ಸುಳ್ಳು ಹೇಳಲು ಅವಳಿಗೆ ಇಷ್ಟವಿರಲಿಲ್ಲ.

ಆಮೇಲೆ ಬಂತು ಹಣ್ಣು ಹುಳದ ಬೆಳಿಗ್ಗೆ. ಮೇಯುವುದು ಮುಗಿಸಿದ ಹುಳ ಹಣ್ಣಾಗಿ, ಮೈಯೆಲ್ಲ ಬೆಳಕು ಹೊಕ್ಕಂತೆ ಹೊಂಬಣ್ಣಕ್ಕೆ ತಿರುಗಿ ಕತ್ತೆತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ ಆರಿಸಿ ಬಿದಿರಿನ ಚಂದ್ರಂಕಿ ತಟ್ಟೆಗೆ ಬಿಡಬೇಕು. ಗೂಡು ಕಟ್ಟುವುದು ಅದರಲ್ಲೇ. ತಡಮಾಡಿದರೆ ಹುಳ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತದೆ. ಆ ದಿನ ಆ ಮನೆಯಲ್ಲಿ ತಲೆ ಬಾಚುವವರಿಲ್ಲ, ಉಂಡವರಿಲ್ಲ, ಬಂದವರನ್ನು ಕೂತುಕೊಳ್ಳಿ ಅನ್ನುವವರಿಲ್ಲ. ಅಂಗಳದ ತುಂಬ ಚಂದ್ರಂಕಿ ಒರಗಿಸಿದ್ದರು. ನಡುವೆ ಕಿತ್ತಳೆ ಬಣ್ಣದ ನೈಟಿ, ಹೆಗಲ ಮೇಲೆ ಹಸಿರು ಟವೆಲ್ಲು, ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದು ಕೈ ಎತ್ತಿ ಯಾರನ್ನೋ ಬೈಯುತ್ತಾ ಮುನಿರತ್ನಮ್ಮ ನಿಂತಿದ್ದಳು. ಇಡೀ ಊರನ್ನು ನಡೆಸುತ್ತಿರುವವಳಂತೆ ಕಂಡಳು.

ಕೆಹಕಶಾನ್ ಕುಂಚ ಎಳೆದಳು. ಕಿತ್ತಳೆಯಲ್ಲಿ ಒಂದು ಉದ್ದ ಎಳೆತ, ಹಸಿರಿನದು ಒಂದು, ಎತ್ತಿದ ಕೈಗೆ ಒಂದು. ಮತ್ತೆ ಮುಟ್ಟಲು ಕೈ ಬರಲಿಲ್ಲ. ಅವಳು ಇಷ್ಟು ವರ್ಷ ಬರೆದದ್ದರಲ್ಲಿ ಇಷ್ಟು ನಿಜವಾಗಿ ಮನುಷ್ಯರು ಯಾರೂ ಬಂದಿರಲಿಲ್ಲ. ಖುಷಿಗೆ ಆ ಬೀಡಿ ಕಲ್ಲಿನ ಮೇಲೆ ಕೂತು ಅತ್ತಳು.

ತೋರಿಸಲಿಕ್ಕೆ ಮಾತ್ರ ಆಗಲೇ ಇಲ್ಲ. ಬೆಳೆ ಮುಗೀಲಿ, ಬಂದು ನೋಡ್ತೀನಿ ಎಂದು ಮುನಿರತ್ನಮ್ಮ ಹೇಳಿ ಕಳಿಸಿದ್ದಳು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವಷ್ಟರಲ್ಲಿ ಕೆಹಕಶಾನ್ ಚಿತ್ರವನ್ನು ಮನೆಗೆ ಸಾಗಿಸಿ ಸೊಪ್ಪಿನ ಎಲೆ ತಿದ್ದುತ್ತಾ ಕೂತಿದ್ದಳು. ದೊಡ್ಡ ಹೋಟೆಲಿನಲ್ಲಿ ತನ್ನ ಮನೆಯ ಚಿತ್ರ ಹಾಕುತ್ತಾರೆಂದು ಮುನಿರತ್ನಮ್ಮ ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಸಾರಿಕೊಂಡು ಬಂದಿದ್ದಳು. ತಾನೂ ಅದರಲ್ಲಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಆಟೋ ನಿಲ್ಲುವ ಮುಂಚೆಯೇ ಅಂಗಳದಿಂದ ಕೂಗು ಬಂತು. “ಅಲ್ಲೇ ನಿಲ್ಸ್ಲಾ! ವಾಸ್ನೆ ಐತಾ?”

“ಇಲ್ಲಕ್ಕಾ, ಒಣಗೈತೆ!” ಕೆಹಕಶಾನ್ ಕೂಗಿದಳು.

“ಒಣಗಿದ್ರೂ ರಸ್ತೆ ಆಚೆಗೇ ಇರ್ಲಿ. ಹೊಸ ಬೆಳೆ ಹುಳ ಗೂಡು ಕಟ್ತಾ ಅವೆ.”

ಮುನಿರತ್ನಮ್ಮ ರಸ್ತೆ ದಾಟಿ ಬಂದಳು. ಅದೇ ಕಿತ್ತಳೆ ನೈಟಿ, ಒಗೆದು ಒಗೆದು ಬಣ್ಣ ಇಳಿದಿತ್ತು. ಹೆಗಲ ಮೇಲೆ ಅದೇ ಹಸಿರು ಟವೆಲ್ಲು. ಹಿಂದೆ ನಯನಾ, ಅವಳ ಹಿಂದೆ ಬೀದಿಯ ನಾಲ್ಕಾರು ಹೆಂಗಸರು. ಬೆಡ್‌ಶೀಟು ಎಳೆದ ಕೂಡಲೇ ಎಲ್ಲರೂ ಮುಂದೆ ನುಗ್ಗಿದರು. ತೋಟ ಕಂಡಿತು, ಟ್ಯಾಂಕು ಕಂಡಿತು, ಮನೆ ಕಂಡಿತು.

“ಅತ್ತೆ! ಇದು ನೀವೇ!” ನಯನಾ ಕಿರುಚಿದಳು.

“ಮೂತಿನೇ ಇಲ್ವಲ್ಲೇ?”

“ಮೂತಿ ಯಾಕೆ ಬೇಕು? ಸೊಂಟಕ್ಕೆ ಕೈ ಕೊಟ್ಕೊಂಡು ನನ್ನ ಬೈತಾ ನಿಂತಿರದು ಗೊತ್ತಾಗಲ್ವಾ?”

ಹೆಂಗಸರೆಲ್ಲ ಕೇಕೆ ಹಾಕಿ ನಕ್ಕರು. ಮುನಿರತ್ನಮ್ಮನೂ ನಕ್ಕಳು. ನಗುತ್ತಲೇ ಚಿತ್ರದ ಕಿತ್ತಳೆ ಬಣ್ಣ ನೋಡಿದಳು, ಬಗ್ಗಿ ತನ್ನ ಮೈ ನೋಡಿಕೊಂಡಳು, ಮತ್ತೆ ಚಿತ್ರ ನೋಡಿದಳು. ನಗು ಅಲ್ಲೇ ನಿಂತಿತು.

“ಥೂ ನಿನ್ನ! ನೈಟೀಲಿ ನಿಲ್ಸಿದ್ದೀಯಲ್ಲೇ ನನ್ನ! ಬಂದೋರು ಹೋದೋರೆಲ್ಲ ನೋಡಂಗೆ! ಬೀರುನಾಗೆ ನೇರಳೆ ರೇಷ್ಮೆ ಸೀರೆ ಮಡ್ಚಿ ಇಕ್ಕಿವ್ನಿ, ಒಂದ್ ಮಾತು ಅಂದಿದ್ರೆ ಉಟ್ಕೊಂಡು ಬಂದು ನಿಂತ್ಕೊತಿರ್ಲಿಲ್ವಾ? ಟೀ ಕಳ್ಸಿ, ಮುದ್ದೆ ಕಳ್ಸಿ ಸಾಕಿದ್ದಕ್ಕೆ ಮಾನ ತೆಗೆದ್ಯಲ್ಲ ಅಮ್ಮಿ!”

ಕೆಹಕಶಾನ್‌ಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಹೋಟೆಲಿನವನೇ ಗೆದ್ದ. ಅವನು ಗೆದ್ದದ್ದಕ್ಕಿಂತ ಈ ಹೆಂಗಸಿನ ಕಣ್ಣಲ್ಲಿ ನೀರು ಬಂದದ್ದು ಹೆಚ್ಚು ಸುಟ್ಟಿತು.

“ಕೇಳದೆ ಬರೆದಿದ್ದು ನಂದೇ ತಪ್ಪು ಅಕ್ಕ. ನೀವು ಹೇಳಿ, ಈಗ್ಲೇ ಇಲ್ಲೇ ಸೀರೆ ಉಡಿಸ್ತೀನಿ.”

“ಉಡ್ಸು. ನೇರಳೆ. ಜರಿ ಅಂಚು.”

ಆಟೋದಿಂದ ಬಣ್ಣದ ಪೆಟ್ಟಿಗೆ ಇಳಿಸಿದಳು. ಗಾಳಿ ಯಾವ ಕಡೆಗೆಂದು ಅಭ್ಯಾಸದಂತೆ ನೋಡಿ ಡಬ್ಬಿ ತೆಗೆದಳು. ಹಲಗೆಯ ಮೇಲೆ ನೇರಳೆ ಕಲಸಿದಳು. ಆ ಮೂರು ಎಳೆತ ಇನ್ನೊಮ್ಮೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

“ಬಿಂದಿಗೆ ಯಾವ ಸೊಂಟಕ್ಕೆ ಇಡಲಿ ಅಕ್ಕ?”

“ಯಾವ ಬಿಂದಿಗೆ?”

“ಹೋಟೆಲ್‌ನೋರು ಕೇಳವ್ರೆ. ಸೀರೆ, ಸೊಂಟದ ಮೇಲೊಂದು ಬಿಂದಿಗೆ.”

“ಅಂಗಳದಾಗೆ ನಲ್ಲಿ ಐತೆ. ನಾನ್ಯಾಕೆ ಬಿಂದಿಗೆ ಹೊರ್ಲಿ? ಅವನ ಮನೇಲಿ ನೀರು ಬರಲ್ವಂತಾ?”

“ಆ ಟ್ಯಾಂಕೂ ಅಳಿಸ್ಬೇಕಂತೆ. ಆಮೇಲೆ…” ಕೆಹಕಶಾನ್ ಕುಂಚವನ್ನು ನೇರಳೆಗೆ ಅದ್ದಿದಳು. “ಆಮೇಲೆ ಮನೆ ಮೇಲೆ ಹುಲ್ಲು ಹೊದಿಸ್ಬೇಕಂತೆ.”

“ಯಾರ ಮನೆ ಮೇಲೆ?”

“ನಿಮ್ಮ ಮನೆ ಮೇಲೆ.”

ಮುನಿರತ್ನಮ್ಮ ತಿರುಗಿ ರಸ್ತೆಯಾಚೆಯ ತನ್ನ ಮನೆ ನೋಡಿದಳು. ಗುಲಾಬಿ ಸುಣ್ಣ ಹೊಡೆದ ಸಾಧಾರಣ ತಾರಸಿ ಮನೆ. ಒಂದು ಕಡೆ ಗಾರೆ ಇನ್ನೂ ಆಗಿರಲಿಲ್ಲ.

“ಹುಲ್ಲು,” ಎಂದಳು. “ನಾನು ಮದ್ವೆಯಾಗಿ ಬಂದಾಗ ಹುಲ್ಲೇ ಇದ್ದಿದ್ದು ಕಣವ್ವ ಇಲ್ಲಿ. ಮಳೆ ಬಂತು ಅಂದ್ರೆ ನಮ್ಮತ್ತೆ ಸೀರೆ, ನನ್ನ ಸೀರೆ, ಧಾರೆ ಸೀರೆ, ಎಲ್ಲಾ ತಂದು ಹುಳದ ತಟ್ಟೆ ಮೇಲೆ ಹೊದಿಸ್ಬುಟ್ಟು ನಾವು ಮೂಲೇಲಿ ನೆನ್ಕೊಂಡು ಕುಂತಿರ್ತಿದ್ದೊ. ಒಂದ್ ಬೆಳೆ ಚೆನ್ನಾಗಾದ್ರೆ ಒಂದ್ ಗೋಡೆ. ಇನ್ನೊಂದ್ ಬೆಳೆ ಆದ್ರೆ ಇನ್ನೊಂದ್ ಗೋಡೆ. ತಾರಸಿ ಹಾಕೋ ದಿನ ನಾನೂ ಬಾಂಡ್ಲಿ ಹೊತ್ತಿವ್ನಿ. ಅದರ ಮೇಲೆ ಹುಲ್ಲು ಹೊದ್ಸಾಕೆ ಅವನ್ಯಾವನೇ? ಅವನ ತಾತನ ಮನೆಯಾ?”

ಕೆಹಕಶಾನ್ ಕೈಯಲ್ಲಿ ನೇರಳೆ ಅದ್ದಿದ ಕುಂಚ ಹಾಗೇ ಇತ್ತು.

“ಸೀರೆ, ಅಕ್ಕ?” ಎಂದು ಮೆಲ್ಲಗೆ ಕೇಳಿದಳು.

ಮುನಿರತ್ನಮ್ಮ ಚಿತ್ರದ ಹತ್ತಿರ ಹೋದಳು. ಅಷ್ಟು ಹತ್ತಿರದಿಂದ ಅದು ಬರೀ ಬಣ್ಣದ ಗೀಟು. ಹಿಂದೆ ಬಂದಳು. ಇನ್ನೂ ಹಿಂದೆ, ರಸ್ತೆಯ ಅಂಚಿನ ತನಕ. ಅಲ್ಲಿಂದ ಕಂಡಳು ತನ್ನನ್ನು ತಾನು, ಚಂದ್ರಂಕಿಗಳ ನಡುವೆ, ಕೈ ಎತ್ತಿ ನಿಂತವಳನ್ನು. ಬಹಳ ಹೊತ್ತು ನೋಡಿದಳು.

“ಹಣ್ಣು ಹುಳದ ದಿವ್ಸ ಅಲ್ವಾ ಇದು?”

“ಹೂಂ ಅಕ್ಕ.”

“ಆವತ್ತು ಸೀರೆ ಉಡೋಳು ಯಾವಳವ್ವಾ? ಸೆರಗು ತಗುಲಿದ್ರೆ ಹುಳ ಉದುರ್ತವೆ. ರೇಷ್ಮೆ ಸೀರೆ ಉಟ್ಕೊಂಡು ಹುಳ ಬುಟ್ಟೋಳು ಅಂತ ಊರೋರು ಉಗೀತಾರೆ ಅಷ್ಟೆ.” ಹೆಗಲ ಟವೆಲ್ಲು ತೆಗೆದು ಮೂಗು ಒರೆಸಿ ಮತ್ತೆ ಹಾಕಿಕೊಂಡಳು. “ಒರೆಸು ಆ ನೇರಳೇನ. ಎಲ್ಲೈತೆ ಆ ಹೋಟ್ಲು? ನಡಿ, ನಾನೇ ಬತ್ತೀನಿ.”

“ಅತ್ತೆ, ಇರಿ, ಸೀರೆ ತಂದ್ಕೊಡ್ತೀನಿ,” ನಯನಾ ಓಡಲು ನೋಡಿದಳು.

“ಸುಮ್ನಿರೇ. ಚಿತ್ರದಾಗೆ ಮೂತಿ ಇಲ್ಲ. ಈ ನೈಟಿನೂ ಬುಟ್ಟು ಸೀರೆ ಉಟ್ಕೊಂಡು ಹೋದ್ರೆ ಅದು ನಾನೇ ಅಂತ ಅವನಿಗೆಂಗೆ ಗೊತ್ತಾಗ್ಬೇಕು? ಚಂದ್ರಂಕಿ ನೋಡ್ಕೊ, ಇರುವೆ ಬಂದಾವು.”

ಹಾಗೇ ಏರಿ ಅದ್ನಾನ್ ಪಕ್ಕ ಕೂತಳು. ದಾರಿಯುದ್ದಕ್ಕೂ ಅವನು ಗೇರು ಹಾಕುವ ರೀತಿ ಸರಿಯಿಲ್ಲವೆಂದು ಬೈದಳು. ಹಿಂದೆ ಚೌಕಟ್ಟು ಹಿಡಿದು ಕೂತ ಕೆಹಕಶಾನ್‌ಗೆ ಆ ಬೈಗುಳ ಕೇಳಿ ಕೇಳಿ ಧೈರ್ಯ ಬಂತು.

ಹೋಟೆಲಿನ ಬಾಗಿಲಲ್ಲಿ ಪಿನ್ನಿನ ಪೇಟದವನು ಅಡ್ಡ ಬಂದ. “ಅಮ್ಮ, ಅಡುಗೆ ಕೆಲಸದೋರು ಹಿಂದಗಡೆಯಿಂದ ಹೋಗ್ಬೇಕು.”

“ಮೊದ್ಲು ಪೇಟ ನೆಟ್ಟಗೆ ಸುತ್ಕೊಳ್ಳದು ಕಲಿ. ಒಳ್ಳೆ ಏಟು ಬಿದ್ದು ಬ್ಯಾಂಡೇಜ್ ಕಟ್ದಂಗೈತೆ,” ಎಂದು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಹಿಂದೆ ಅಕ್ಕ ತಮ್ಮ ಇಬ್ಬರೂ ಚಿತ್ರ ಹೊತ್ತು ನಡೆದರು. ಊಟಕ್ಕೆ ಕೂತಿದ್ದವರು ಕತ್ತು ತಿರುಗಿಸಿದರು.

ಅನಂತರಾಜು ಎದ್ದು ಬಂದ. ಚಿತ್ರದಲ್ಲಿದ್ದವಳು ಚಿತ್ರದ ಮುಂದೆ ನಿಂತಿದ್ದಳು, ಸೊಂಟಕ್ಕೆ ಕೈ ಕೊಟ್ಟು. ಅವನಿಗೆ ಯಾರೆಂದು ಯಾರೂ ಹೇಳಬೇಕಾಗಲಿಲ್ಲ.

“ನೀನೇನಪ್ಪ, ನನ್ ಮನೆಗೆ ಹುಲ್ಲು ಹೊದ್ಸೋನು?”

“ಹಾಗಲ್ಲಮ್ಮ, ಕೂತ್ಕೊಳ್ಳಿ, ಏನು ತಗೋತೀರಾ…”

“ಏನೂ ಬ್ಯಾಡ. ನಿಮ್ಮೂರು ಯಾವ್ದು?”

“ಕನಕಪುರದ ಕಡೆ.”

“ಮನೇಲಿ ಹುಳ ಮೇಯಿಸ್ತಿದ್ರಾ?”

ಅನಂತರಾಜು ಊಟ ಮಾಡುವವರ ಕಡೆ ಒಮ್ಮೆ ನೋಡಿದ. “ಅಮ್ಮ ಮೇಯಿಸ್ತಿದ್ರು.”

“ಹಣ್ಣು ಹುಳದ ದಿವ್ಸ ಏನ್ ಉಟ್ಕೊತಿದ್ಲು ನಿಮ್ಮವ್ವ? ಕೆಂಪಂಚಿನ ಸೀರೆಯಾ?”

ಅವನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿದ.

“ಸೀರೆ ಎತ್ತಿ ಕಟ್ಟಿ, ಮೇಲೆ ನಮ್ಮಪ್ಪನ ಹಳೇ ಅಂಗಿ ಹಾಕ್ಕೊತಿದ್ಲು,” ಎಂದ.

“ಆ ಅಂಗೀಲಿರೋ ನಿಮ್ಮವ್ವನ ಚಿತ್ರ ಬರೆದು ತಂದಿದ್ರೆ ಅದ್ನೂ ಅಳಿಸು ಅಂತಿದ್ಯೇನಪ್ಪ?”

ಕೆಹಕಶಾನ್ ಅವನ ಮುಖ ನೋಡಿದಳು. ಗೆದ್ದೆ ಎಂದು ಕುಣಿಯಬೇಕೆಂದಿದ್ದವಳಿಗೆ ಯಾಕೋ ಪಾಪ ಅನ್ನಿಸಿತು.

“ಇರ್ಲಿ ಬುಡಿ,” ಎಂದ ಅನಂತರಾಜು. ಇಷ್ಟು ಹೊತ್ತು ಅವನ ಬಾಯಲ್ಲಿ ಇಲ್ಲದ ಊರಿನ ಮಾತು ಈಗ ತಾನಾಗಿ ಬಂತು. “ಹಂಗೇ ಇರ್ಲಿ. ನೈಟಿನೂ ಇರ್ಲಿ, ಟ್ಯಾಂಕೂ ಇರ್ಲಿ.” ಅಷ್ಟಕ್ಕೇ ಬಿಡಲು ವ್ಯಾಪಾರದ ಜೀವ ಒಪ್ಪಲಿಲ್ಲ. “ತಾರಸಿ ಅಂಚಿಗೆ ಮಾತ್ರ ಒಸಿ ಹುಲ್ಲು…”

“ಹುಲ್ಲು ತಿನ್ನಾಕೆ ಮನೇಲಿ ಹಸ ಐತೆ ನಂಗೆ!”

ಊಟಕ್ಕೆ ಕೂತಿದ್ದ ಯಾರೋ ಫಕ್ಕನೆ ನಕ್ಕರು. ಅನಂತರಾಜುವೂ ಸೋತು ನಕ್ಕ. ಪೇಟದವನನ್ನು ಕರೆದ. ಅವನೊಂದು ಕಡೆ, ಅದ್ನಾನ್ ಒಂದು ಕಡೆ ಹಿಡಿದು ಚಿತ್ರವನ್ನು ಆ ದಪ್ಪ ಮೊಳೆಗೆ ಏರಿಸಿದರು. ಎಡಕ್ಕೆ ಒಸಿ ಇಳಿಸು, ಬಲಕ್ಕೆ ಎತ್ತು ಎಂದು ಮುನಿರತ್ನಮ್ಮ ಕೈ ಎತ್ತಿ ಹೇಳುತ್ತಿದ್ದಳು. ಗೋಡೆಯ ಮೇಲಿನವಳ ಕೈಯೂ ಎತ್ತಿದಂತೇ ಇತ್ತು.

ಚಿತ್ರ ನೆಟ್ಟಗಾಯಿತು. ಎಲ್ಲರೂ ಹಿಂದೆ ಸರಿದು ನಿಂತರು. ಮುನಿರತ್ನಮ್ಮ ಮಾತ್ರ ಸರಿಯಲಿಲ್ಲ.

“ಆ ಮೂಲೇಲಿ ಅದೇನೋ ಬರೆದಿದ್ದೀಯಲ್ಲ?”

“ನನ್ನ ಹೆಸರು ಅಕ್ಕ. ಬರೆದೋರು ಹಾಕ್ಕೊಳ್ಳೋದು.”

“ನಂದೂ ಬರಿ. ಮೂತಿ ಬೇರೆ ಇಲ್ಲ. ನಾನು ಅತ್ಲಾಗೋದ್ಮೇಲೆ ಯಾವಳೋ ಕೂಲಿಯೋಳು ಅಂದ್ಕೊಂಡು ಹೋಗ್ತಾರೆ. ಯಾರ ಮನೆ, ಯಾರು ನಿಂತವ್ರೆ ಅಂತ ಗೊತ್ತಾಗ್ಲಿ.”

ಕೆಹಕಶಾನ್ ತನ್ನ ಚಿತ್ರಗಳ ಮೇಲೆ ತನ್ನ ಸಹಿ ಬಿಟ್ಟು ಒಂದಕ್ಷರ ಬರೆದವಳಲ್ಲ. ಬೇರೆ ಅಕ್ಷರ ಬಿದ್ದರೆ ಚಿತ್ರ ಕೆಡುತ್ತದೆಂದು ಮೈಸೂರಿನಲ್ಲಿ ಮೇಷ್ಟರು ಹೇಳಿಕೊಟ್ಟಿದ್ದರು. ಕೆಡಲಿ! ಪೆಟ್ಟಿಗೆ ತೆಗೆದು, ಕುರ್ಚಿ ಎಳೆದು ಹತ್ತಿದಳು. ಕಪ್ಪು ಬಣ್ಣಕ್ಕೆ ಟರ್ಪೆಂಟೈನ್ ಸುರಿದು ಕಲಸಿ, ಕಿತ್ತಳೆ ಗೀಟಿನ ಕೆಳಗೆ ದಪ್ಪಕ್ಷರದಲ್ಲಿ ಬರೆಯತೊಡಗಿದಳು: ಮುನಿರತ್ನಮ್ಮ, ಅಕ್ಕೂರು.

ವಾಸನೆ ಹಾಲಿನ ತುಂಬ ಎದ್ದಿತು. ಒಂದಿಬ್ಬರು ಮೂಗಿಗೆ ಕರ್ಚೀಫು ಹಿಡಿದರು. ಅನಂತರಾಜು ಕೈ ಕೈ ಹಿಸುಕಿಕೊಂ​ಡು ಬಂದ. “ಮೇಡಂ, ಆ ಡಬ್ಬಿ ಒಸಿ ಮುಚ್ಚಿ. ಜನ ಊಟ ಮಾಡ್ತಾವ್ರೆ, ವಾಸ್ನೆ ಹೊಡೀತದೆ.”

ಕೆಹಕಶಾನ್ ಅಭ್ಯಾಸಬಲದಿಂದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಮುನಿರತ್ನಮ್ಮ ಅವಳ ಕೈ ತಡೆದಳು.

“ಹೊಡೀಲಿ ಬುಡಪ್ಪ,” ಎಂದಳು. “ಇಲ್ಲೇನು ಹುಳ ಸಾಕಿದ್ದೀಯಾ? ನೀನು ಬರಿಯವ್ವ.”